ಕೆನೆಬಣ್ಣದ ಲೆದರ್ ಸೀಟು: ಕಪ್ಪು ಹೊಳಪು, ಜೀನ್ಸ್ ನೀಲಿ, ಎಣ್ಣೆ ಹಚ್ಚುವ ಮಾತು

ಕಾರಿನ ಕೆನೆಬಣ್ಣದ ಲೆದರ್ ಸೀಟಿನ ಬಗ್ಗೆ ನೀವು ಕೇಳಿದ ಪ್ರಶ್ನೆಯಲ್ಲಿ ಮೂರು ತೊಂದರೆ ಇವೆ. ಡ್ರೈವರ್ ಸೀಟಿನಲ್ಲಿ ಬಾಗಿಲ ಕಡೆಯ ಉಬ್ಬು ಕಪ್ಪಾಗಿ ಹೊಳೆಯುತ್ತಿದೆ, ಕೂರುವ ಜಾಗಕ್ಕೆ ಜೀನ್ಸ್ ನೀಲಿ ಹತ್ತಿದೆ, ಮ್ಯಾಜಿಕ್ ಸ್ಪಂಜಿನಲ್ಲಿ ಉಜ್ಜಿದರೆ ಬೆಳ್ಳಗಾಗಿ ಎರಡೇ ವಾರಕ್ಕೆ ಮತ್ತೆ ಕೊಳೆ. ಇದಕ್ಕೆ ಒಬ್ಬರು ಸೀಟಿಗೆ ಎಣ್ಣೆ ಹಚ್ಚಿ ಅಂತ ಸಲಹೆ ಕೊಟ್ಟಿದ್ದಾರೆ. ಮೊದಲು ಅದಕ್ಕೆ ಉತ್ತರ: ಹಚ್ಚಬೇಡಿ.

ಈಗಿನ ಕಾರುಗಳ ಲೆದರ್ ಬಹುಪಾಲು ಬಣ್ಣ ಬಳಿದು, ಅದರ ಮೇಲೆ ಪಾಲಿಯುರೆಥೇನಿನ ತೆಳು ಪದರ ಕೊಟ್ಟದ್ದು. ನಿಮ್ಮ ಕೈಗೆ ಸಿಗುವುದು ಆ ಪದರ, ಚರ್ಮವಲ್ಲ. ಎಣ್ಣೆ ಅದನ್ನು ದಾಟಿ ಸರಿಯಾಗಿ ಒಳಗೆ ಇಳಿಯುವುದಿಲ್ಲ. ಮೇಲೆಯೇ ಜಿಡ್ಡಾಗಿ ಕೂತು ಧೂಳು ಹಿಡಿಯುತ್ತದೆ, ದಿನ ಕಳೆದಂತೆ ಹಳದಿಗೆ ತಿರುಗುತ್ತದೆ. ಕಪ್ಪು ಸೀಟಿನಲ್ಲಿ ಇದು ಕಾಣದೆ ಹೋಗಬಹುದು, ಕೆನೆಬಣ್ಣದಲ್ಲಿ ಎದ್ದು ಕಾಣುತ್ತದೆ.

ನಿಮ್ಮ ಸೀಟು ಯಾವ ಬಗೆ ಅಂತ ತಿಳಿಯಲು, ಹೆಡ್‌ರೆಸ್ಟ್ ಹಿಂಭಾಗದಂಥ ಮರೆಯ ಜಾಗದಲ್ಲಿ ಒಂದು ಹನಿ ನೀರು ಬಿಡಿ. ಎರಡು ನಿಮಿಷ ಹನಿ ಹನಿಯಾಗೇ ನಿಂತರೆ ಕೋಟಿಂಗ್ ಇದೆ. ಹೀರಿಕೊಂಡು ಆ ಜಾಗ ಕಪ್ಪಾದರೆ ಅದು ಕೋಟಿಂಗ್ ಇಲ್ಲದ ಅನಿಲಿನ್ ಬಗೆ. ಅದಕ್ಕೆ ಕೆಳಗಿನದು ಯಾವುದೂ ಅನ್ವಯಿಸದು, ಅದಕ್ಕೆಂದೇ ಮಾಡಿದ ಕ್ಲೀನರ್ ಬೇಕು. ಇನ್ನೊಂದು ವಿಷಯ: ‘ಲೆದರ್ ಸೀಟು’ ಅಂದರೂ ಎಷ್ಟೋ ಕಾರುಗಳಲ್ಲಿ ಮೈ ತಾಗುವ ಭಾಗ ಮಾತ್ರ ಲೆದರ್, ಪಕ್ಕ ಮತ್ತು ಹಿಂಭಾಗ ವಿನೈಲ್. ಒಂದೇ ಸೀಟಿನಲ್ಲಿ ಒಂದು ತುಂಡಿಗೆ ಜೀನ್ಸ್ ಬಣ್ಣ ಹೆಚ್ಚು ಹತ್ತಿ ಪಕ್ಕದ್ದಕ್ಕೆ ಕಡಿಮೆ ಹತ್ತಿದ್ದರೆ ಕಾರಣ ಇದೂ ಇರಬಹುದು.

ಮ್ಯಾಜಿಕ್ ಸ್ಪಂಜ್ ಅಂದರೆ ಮೆಲಮೈನ್ ಫೋಮ್, ಬಹಳ ನಯವಾದ ಉಪ್ಪುಕಾಗದ ಅಂದುಕೊಳ್ಳಿ. ಕೊಳೆಯ ಜೊತೆಗೆ ಮೇಲಿನ ಪದರವನ್ನೂ ತೇಯುತ್ತದೆ. ಪದರ ತೆಳುವಾದಷ್ಟೂ ಕೊಳೆಗೆ ಹಿಡಿತ ಸುಲಭ. ಎರಡು ವಾರದಲ್ಲೇ ಕಪ್ಪಾಗುವ ಗುಟ್ಟು ಇಷ್ಟೇ. ಟೂತ್‌ಪೇಸ್ಟ್ ಮಾಡುವುದೂ ಇದನ್ನೇ. ಸ್ಯಾನಿಟೈಸರ್, ಸ್ಪಿರಿಟ್, ನೇಲ್ ಪಾಲಿಶ್ ರಿಮೂವರ್ ಆ ಪದರವನ್ನು ಮೆದುಗೊಳಿಸುತ್ತವೆ, ಕರಗಿಸಲೂ ಬಹುದು. ಪಾತ್ರೆ ತೊಳೆಯುವ ಸೋಪು, ಎಲ್ಲಕ್ಕೂ ಆಗುವ ಖಾರದ ಕ್ಲೀನರ್‌ಗಳೂ ಬೇಡ. ಲೆದರ್‌ಗೆಂದೇ ಮಾಡಿದ, ನೀರಿನಲ್ಲಿ ಬೆರೆಯುವ, ಪಿಹೆಚ್ ತಟಸ್ಥವಾದ (ಆಮ್ಲವೂ ಅಲ್ಲದ, ಕ್ಷಾರವೂ ಅಲ್ಲದ) ಕ್ಲೀನರ್ ಸಾಕು.

ಈಗ ಕೆಲಸ. ಸೀಟು ತಣ್ಣಗಿರಲಿ, ಕಾರು ನೆರಳಲ್ಲಿರಲಿ. ಬಿಸಿ ಸೀಟಿನ ಮೇಲೆ ಕ್ಲೀನರ್ ಆರಿ ಕಲೆ ಕಟ್ಟುತ್ತದೆ. ಮೆತ್ತನೆ ಬ್ರಷ್ ಸಿಕ್ಕಿಸಿ ವ್ಯಾಕ್ಯೂಮ್ ಮಾಡಿ, ಹೊಲಿಗೆ ಸಾಲನ್ನು ಬೆರಳಿಂದ ಅಗಲಿಸಿ ಒಳಗಿನ ಮರಳು ತೆಗೆಯಿರಿ. ಈ ಹಂತ ಬಿಟ್ಟರೆ ಆಮೇಲೆ ಬ್ರಷ್ ಅದೇ ಮರಳನ್ನು ಸೀಟಿಗೆ ಉಜ್ಜುತ್ತದೆ. ಕ್ಲೀನರನ್ನು ಸೀಟಿಗಲ್ಲ, ಬ್ರಷ್‌ಗೆ ಎರಡು ಮೂರು ಬಾರಿ ಸಿಂಪಡಿಸಿ. ಕುದುರೆ ಕೂದಲಿನ ಬ್ರಷ್ ಸಿಕ್ಕರೆ ಒಳ್ಳೆಯದು, ಇಲ್ಲದಿದ್ದರೆ ತೀರಾ ಮೆತ್ತಗಿನ ಯಾವುದಾದರೂ ಸರಿ. ಒಂದು ಸಲಕ್ಕೆ ಒಂದು ಅಡಿ ಅಗಲದಷ್ಟು ಜಾಗ ಮಾತ್ರ. ಒತ್ತದೆ ಸುತ್ತು ಸುತ್ತಾಗಿ ಆಡಿಸಿ. ಲೆದರಿನ ಗೆರೆಗಳೊಳಗಿನ ಕೊಳೆ ಎತ್ತುವುದು ನೊರೆ ಮತ್ತು ಬ್ರಷ್ಷಿನ ತುದಿ, ನಿಮ್ಮ ಕೈಬಲವಲ್ಲ. ನೊರೆ ಕಂದು ಬಣ್ಣಕ್ಕೆ ಬಂದ ಕೂಡಲೇ, ಆರಲು ಬಿಡದೆ, ಒದ್ದೆ ಮಾಡಿ ಹಿಂಡಿದ ಮೈಕ್ರೋಫೈಬರ್ ಬಟ್ಟೆಯಲ್ಲಿ ಎತ್ತಿ, ಮತ್ತೊಂದು ಒಣ ಬಟ್ಟೆಯಲ್ಲಿ ಒರೆಸಿ. ಬಟ್ಟೆಯನ್ನು ನಾಲ್ಕಾಗಿ ಮಡಚಿ ಮಗ್ಗುಲು ಬದಲಿಸುತ್ತಿರಿ, ಇಲ್ಲವಾದರೆ ಕೊಳೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುತ್ತದೆ ಅಷ್ಟೇ.

ಮುಗಿದಿದೆಯೇ ಅಂತ ನೋಡುವುದು ಹೊಳಪಿನಿಂದ. ಫ್ಯಾಕ್ಟರಿಯಿಂದ ಬಂದ ಸೀಟು ಸಾಮಾನ್ಯವಾಗಿ ಮಂಕಾಗೇ ಇರುತ್ತದೆ, ಹೊಳೆಯುವುದು ಬೆವರು ಮತ್ತು ಮೈಜಿಡ್ಡು. ಉಬ್ಬಿನ ಭಾಗಕ್ಕೆ ಎರಡು ಮೂರು ಸುತ್ತು ಬೇಕಾದೀತು. ಅಷ್ಟಾದರೂ ಹೊಳಪು ಹೋಗದೆ ಬಟ್ಟೆ ಸ್ವಚ್ಛವಾಗೇ ಬರುತ್ತಿದ್ದರೆ, ಅದು ಸ್ಪಂಜ್ ತೇದ ಹೊಳಪು, ತೊಳೆದು ಹೋಗುವಂಥದಲ್ಲ. ಕಡೆಯ ಸುತ್ತಿಗೆ ಬಣ್ಣ ಬಿಡದ ಬೂದು ಬಟ್ಟೆ ಬಳಸಿ: ಅದಕ್ಕೆ ಕೆನೆಬಣ್ಣ ಅಂಟಿದರೆ ಸೀಟಿನ ಬಣ್ಣವೇ ಕಿತ್ತು ಬರುತ್ತಿದೆ ಅಂತ ಅರ್ಥ, ತಕ್ಷಣ ನಿಲ್ಲಿಸಿ. ಬಿಳಿ ಬಟ್ಟೆಯಲ್ಲಿ ಇದು ಗೊತ್ತಾಗುವುದಿಲ್ಲ.

ತೂತು ತೂತಿನ ಸೀಟಾಗಿದ್ದರೆ ನೀರು, ಸ್ಪ್ರೇ ಎರಡೂ ನೇರ ಹಾಕಬೇಡಿ. ಕೆಳಗೆ ಫೋಮ್ ಇದೆ, ಹೀಟರ್, ಫ್ಯಾನ್, ಕೂತವರನ್ನು ಗುರುತಿಸುವ ಸೆನ್ಸರ್ ಇರಬಹುದು. ಕ್ರೀಮ್ ರೂಪದ್ದು ತೂತಿನಲ್ಲಿ ಕೂತು ಬಿಳಿ ಚುಕ್ಕೆಯಾಗುತ್ತದೆ, ಆಮೇಲೆ ಅದನ್ನು ಸೂಜಿ ಹಿಡಿದು ಒಂದೊಂದಾಗಿ ತೆಗೆಯಬೇಕು.

ಜೀನ್ಸ್ ನೀಲಿ ಬೇರೆ ಲೆಕ್ಕ. ಅದು ಮೇಲೆ ಕೂತ ಕೊಳೆಯಲ್ಲ, ಪದರದೊಳಕ್ಕೆ ನಿಧಾನ ಇಳಿಯುವ ಬಣ್ಣ. ಸೆಖೆ, ಬೆವರು, ಒದ್ದೆ ಬಟ್ಟೆ ಇದ್ದರೆ ಇನ್ನೂ ಬೇಗ. ಹೊಸದಾಗಿದ್ದರೆ ಮೇಲಿನ ಕ್ರಮದಲ್ಲೇ, ನೊರೆಯನ್ನು ಒಂದು ನಿಮಿಷ ಬಿಟ್ಟು, ಮೂರು ಸುತ್ತಿನಲ್ಲಿ ಬಹುಪಾಲು ಹೋಗುತ್ತದೆ. ತಿಂಗಳುಗಟ್ಟಲೆ ಹಳೆಯದಾದರೆ ತಿಳಿಯಾಗುತ್ತದೆ, ಪೂರ್ತಿ ಹೋಗದು. ಆ ಉಳಿದ ನೆರಳಿನ ಜೊತೆ ಜಗಳಕ್ಕೆ ಇಳಿದವರೇ ಸೀಟು ಕೆಡಿಸಿಕೊಳ್ಳುವುದು. ಬಾಲ್‌ಪೆನ್ ಗೀರೂ ಹೀಗೆಯೇ, ಮೊದಲ ಕೆಲವು ಗಂಟೆ ಮುಖ್ಯ. ಬಟ್ಟೆ ಒತ್ತಿ ತೆಗೆಯಬೇಕು, ಉಜ್ಜಿದರೆ ಗೀರು ಹೋಗಿ ಮಚ್ಚೆ ಬರುತ್ತದೆ.

ರಕ್ಷಣೆಗೆ ಬೇಕಾದ್ದು ಲೆದರ್ ಪ್ರೊಟೆಕ್ಟರ್, ಅಂದರೆ ಕೊಳೆ, ಬಣ್ಣ ಹತ್ತದಂತೆ ತಡೆಯುವ ಲೇಪ. ಬರೀ ಕಂಡೀಷನರ್ (ಲೆದರನ್ನು ಮೆತ್ತಗಿಡಲು ಹಚ್ಚುವಂಥದ್ದು) ಜೀನ್ಸ್ ಬಣ್ಣವನ್ನು ತಡೆಯುವುದಿಲ್ಲ. ಸಿಲಿಕೋನ್ ಹೊಳಪಿನ ಸ್ಪ್ರೇ ಹಾಕಿದರೆ ಜಾರುತ್ತದೆ, ಮುಂದೆ ಬಣ್ಣ ಕೊಡಿಸುವ ಹೊತ್ತಿಗೆ ಬಣ್ಣ ಹಿಡಿಯದೆ ಕಾಡುತ್ತದೆ. ತೊಳೆದ ಸೀಟು ಒಂದೆರಡು ಗಂಟೆ ಚೆನ್ನಾಗಿ ಆರಲಿ. ಫೋಮ್ ಪ್ಯಾಡಿಗೆ ಪ್ರೊಟೆಕ್ಟರ್ ನಾಣ್ಯದಗಲ ಹಾಕಿ ತೆಳುವಾಗಿ ಹರಡಿ, ಹೆಚ್ಚಾದದ್ದನ್ನು ಒರೆಸಿ, ಆರಿದ ಮೇಲೆ ಉಬ್ಬಿಗೆ ಮಾತ್ರ ಇನ್ನೊಂದು ಕೈ. ಬಾಟಲಿ ಮೇಲೆ ಬರೆದಷ್ಟು ಹೊತ್ತು ಯಾರೂ ಕೂರಬಾರದು, ರಾತ್ರಿಯಿಡೀ ಬಿಟ್ಟರೆ ನಿಶ್ಚಿಂತೆ. ಡ್ರೈವರ್ ಸೀಟಿಗೆ ಮೂರು ತಿಂಗಳಿಗೊಮ್ಮೆ, ಹಿಂದಿನ ಸೀಟಿಗೆ ವರ್ಷಕ್ಕೆರಡು ಸಲ ಸಾಕು. ನಡುವೆ ವಾರಕ್ಕೊಮ್ಮೆ ಹಿಂಡಿದ ಒದ್ದೆ ಬಟ್ಟೆಯಲ್ಲಿ ಉಬ್ಬು ಒರೆಸಿಬಿಡಿ. ಸ್ಟೇರಿಂಗ್‌ಗೆ ಕ್ಲೀನರ್ ಮಾತ್ರ, ಕೈ ಜಾರುವಂಥದ್ದು ಯಾವುದೂ ಬೇಡ.

ಸೀಟ್ ಕವರ್ ಹಾಕುವ ಯೋಚನೆ ಇದ್ದರೆ ಎರಡು ಎಚ್ಚರ: ಗಾಢ ಬಣ್ಣದ ಕವರ್ ತಾನೇ ಬಣ್ಣ ಬಿಡಬಹುದು, ಮತ್ತು ಸೀಟಿನ ಬದಿಯಲ್ಲಿ ಏರ್‌ಬ್ಯಾಗ್ ಇದ್ದರೆ ಸಾಮಾನ್ಯ ಕವರ್ ಅದಕ್ಕೆ ಅಡ್ಡ.

ಉಬ್ಬಿನಲ್ಲಿ ಈಗಾಗಲೇ ಕಪ್ಪು ಗೆರೆಗಳಿದ್ದರೆ ಉಗುರು ಆಡಿಸಿ ನೋಡಿ. ಉಗುರು ಸಿಕ್ಕಿದರೆ ಅದು ಕೊಳೆ ತುಂಬಿದ ಬಿರುಕು, ಯಾವ ಕಂಡೀಷನರೂ ಮುಚ್ಚದು. ಜಿಡ್ಡು ತೆಗೆದು, ಹಗುರಾಗಿ ಉಪ್ಪುಕಾಗದ ಆಡಿಸಿ, ಬಿರುಕಿಗೆ ಫಿಲ್ಲರ್ ತುಂಬಿ, ಹೊಂದುವ ಬಣ್ಣ ಮತ್ತು ಮೇಲಿನ ಪದರ ಮತ್ತೆ ಕೊಡಿಸಬೇಕು. ಆ ಒಂದು ತುಂಡಿಗೆ ಮಾತ್ರ ಮಾಡಿಸಿದರೂ ಆಗುತ್ತದೆ, ಆದರೆ ಬಣ್ಣ ಹೊಂದಿಸುವ ಮೊದಲು ಇಡೀ ಸೀಟು ತೊಳೆದಿರಲಿ. ಕೊಳೆ ಸೀಟಿಗೆ ಹೊಂದಿಸಿದ ಕೆನೆಬಣ್ಣ, ತೊಳೆದ ದಿನ ತೇಪೆಯಂತೆ ಕಾಣುತ್ತದೆ.