ಸಂಪಾದಕರ ಉತ್ತರ: ಯಾರನ್ನು ಬೈದರೆ ಯಾರಿಗೆ ಸಿಟ್ಟು?

(ಕಳೆದ ಸಂಚಿಕೆಯಲ್ಲಿ ಬಂದ, ಅಮೆರಿಕದ ಕರಿಯರ ಕೇರಿಗಳ ಗ್ಯಾಂಗು, ಪೊಲೀಸು, ಬಂದೂಕುಗಳ ಬದುಕನ್ನು ತಾಳಕ್ಕೆ ಮಾತಿನಂತೆ ಹಾಡುವ ಗ್ಯಾಂಗ್‌ಸ್ಟಾ ರ‍್ಯಾಪ್ ಕುರಿತ ಲೇಖನವನ್ನು ಓದಿ ಶಿವಮೊಗ್ಗದ ನಿವೃತ್ತ ಶಿಕ್ಷಕಿಯೊಬ್ಬರು ಮೂರು ಪುಟಗಳ ಕೈಬರಹದ ಪತ್ರ ಕಳಿಸಿದ್ದಾರೆ, ಹೆಸರು ಬೇಡ ಎಂದಿದ್ದಾರೆ. ಮಗಳ ಮನೆಗೆಂದು ಕ್ಯಾಲಿಫೋರ್ನಿಯಾಕ್ಕೆ ಹೋಗಿದ್ದಾಗ ಹದಿನೈದರ ಮೊಮ್ಮಗ ಕಾರಿನಲ್ಲಿ ಹಾಕಿದ ಹಾಡಿನ ಅರ್ಥವೇನೆಂದು ಕೇಳಿದರಂತೆ. ಹುಡುಗ ಮುಖ ಕೆಂಪಗೆ ಮಾಡಿಕೊಂಡು ಕಿಟಕಿಯ ಕಡೆ ತಿರುಗಿದ. ಮನೆಗೆ ಬಂದು ಸಾಹಿತ್ಯವನ್ನು ಹುಡುಕಿ ಓದಿದವರು ನಮ್ಮನ್ನು ಕೇಳುತ್ತಾರೆ: "ಕೊಲೆ, ಮಾದಕ ವಸ್ತು, ಹೆಂಗಸರಿಗೆ ಬೈಗುಳ. ಇದನ್ನು ಪ್ರತಿಭಟನೆಯ ದನಿ ಎಂದು ಹೊಗಳಲು ನಿಮಗೆ ಸಂಕೋಚವಾಗಲಿಲ್ಲವೇ? ನಮ್ಮ ಲಾವಣಿಗಳಲ್ಲಿ ಇಂಥದ್ದು ಎಲ್ಲಿದೆ? ಕೇಳುವ ಮಕ್ಕಳು ಕೆಡದೆ ಇರುತ್ತಾರೆಯೇ?")

ಮಾನ್ಯರೇ,

ನಿಮ್ಮ ಬೈಗುಳದಲ್ಲಿ ಅರ್ಧವನ್ನು ತಲೆಬಾಗಿ ಒಪ್ಪಿಕೊಳ್ಳುತ್ತೇನೆ, ಉಳಿದರ್ಧಕ್ಕೆ ಜಗಳವಾಡುತ್ತೇನೆ. ಜಗಳವೇ ಮೊದಲಾಗಲಿ.

ಆ ಹಾಡುಗಳು ಹುಟ್ಟಿದ ಕಾಲವನ್ನು ಒಮ್ಮೆ ನೋಡಿ. 1986ರಲ್ಲಿ ಅಮೆರಿಕದ ಸಂಸತ್ತು ಒಂದು ಕಾನೂನು ಮಾಡಿತು. ಶ್ರೀಮಂತರು ಮೂಗಿಗೆಳೆಯುವ ಕೊಕೇನ್ ಪುಡಿಯ 500 ಗ್ರಾಮಿಗೆ ಎಷ್ಟು ಶಿಕ್ಷೆಯೋ, ಬಡ ಕೇರಿಗಳಲ್ಲಿ ಸಿಗುವ, ಅದೇ ಕೊಕೇನನ್ನು ಹರಳು ಮಾಡಿ ಸೇದುವ ಕ್ರ್ಯಾಕ್‌ನ 5 ಗ್ರಾಮಿಗೂ ಅಷ್ಟೇ: ಕನಿಷ್ಠ ಐದು ವರ್ಷ ಜೈಲು. ಲಾಸ್ ಏಂಜಲೀಸಿನ ಪೊಲೀಸರು ಕವಚದ ವಾಹನಕ್ಕೆ ತೊಲೆ ಕಟ್ಟಿ ಮನೆಗಳ ಗೋಡೆಗೆ ಗುದ್ದಿಸುತ್ತಿದ್ದರು. 1988ರ ಏಪ್ರಿಲ್‌ನ ಒಂದೇ ವಾರಾಂತ್ಯದಲ್ಲಿ ನಗರದ ದಕ್ಷಿಣ ಭಾಗದಲ್ಲಿ 1,453 ಜನರನ್ನು ಹಿಡಿದು ಹಾಕಿದರು. ಹೆಚ್ಚಿನವರ ಮೇಲೆ ಆರೋಪವನ್ನೇ ಹೊರಿಸದೆ ಬಿಟ್ಟುಬಿಟ್ಟರು. ಅದೇ ವರ್ಷ ಅಲ್ಲೇ ಪಕ್ಕದ ಕಾಂಪ್ಟನ್ ಊರಿನ ಎನ್.ಡಬ್ಲ್ಯೂ.ಎ. ತಂಡದ ಹುಡುಗರು ಪೊಲೀಸರನ್ನು ಬೈಯುವ ಹಾಡು ಕಟ್ಟಿದರು. ಬೈಗುಳ ಬಿಟ್ಟು ಅದರ ಕಟ್ಟಡವನ್ನು ನೋಡಿದರೆ ಅದೊಂದು ನ್ಯಾಯಾಲಯದ ಪ್ರಹಸನ. ತಂಡದ ಒಬ್ಬ ನ್ಯಾಯಾಧೀಶ, ಉಳಿದವರು ಪ್ರತಿಜ್ಞೆ ಮಾಡಿ ಸಾಕ್ಷಿ ಹೇಳುವವರು, ಕಟಕಟೆಯಲ್ಲಿ ನಿಂತವನು ಪೊಲೀಸ್. ದಿನವೂ ಕಟಕಟೆ ಹತ್ತುತ್ತಿದ್ದವರು ಒಂದು ಹಾಡಿನ ಮಟ್ಟಿಗೆ ಪೀಠವೇರಿದ್ದರು.

1989ರ ಆಗಸ್ಟಿನಲ್ಲಿ ಅಮೆರಿಕದ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐನ ಹಿರಿಯ ಅಧಿಕಾರಿಯೊಬ್ಬರು ಆ ಹಾಡಿನ ಕಂಪನಿಗೆ ಪತ್ರ ಬರೆದರು. ಹಿಂದಿನ ವರ್ಷ ಕರ್ತವ್ಯದಲ್ಲಿದ್ದ 78 ಪೊಲೀಸರು ಕೊಲೆಯಾಗಿದ್ದಾರೆ, ಇಂಥ ಹಾಡು ಹಿಂಸೆಗೆ ಕುಮ್ಮಕ್ಕು ಕೊಡುತ್ತದೆ ಎಂಬುದು ಅದರ ಸಾರ. ಆ 78 ಸಾವುಗಳನ್ನು ಹಗುರವಾಗಿ ಕಾಣುವವನು ನಾನಲ್ಲ. ಆದರೆ ಎರಡು ವರ್ಷ ಕಳೆಯುವಷ್ಟರಲ್ಲಿ, 1991ರ ಮಾರ್ಚಿನಲ್ಲಿ, ಲಾಸ್ ಏಂಜಲೀಸಿನಲ್ಲಿ ಕರಿಯ ಯುವಕ ರಾಡ್ನಿ ಕಿಂಗ್‌ನನ್ನು ಪೊಲೀಸರು ನೆಲಕ್ಕೆ ಕೆಡವಿ ಲಾಠಿಯಿಂದ ಬಡಿದದ್ದನ್ನು ಎದುರು ಮನೆಯವರೊಬ್ಬರು ವಿಡಿಯೊ ಮಾಡಿದರು. ಅಲ್ಲಿಯವರೆಗೆ ಹಾಡಿನವರು ಸುಳ್ಳು ಹೇಳುತ್ತಿದ್ದಾರೆ ಎನ್ನುತ್ತಿದ್ದವರು ಆಮೇಲೆ ಮಾತು ಬದಲಿಸಬೇಕಾಯಿತು.

ಲಾವಣಿ ಎಂದಿರಲ್ಲ, ನನಗೆ ಹಲಗಲಿಯ ಬೇಡರು ನೆನಪಾದರು. 1857ರಲ್ಲಿ ಹತಾರ ಒಪ್ಪಿಸಿ ಎಂದ ಸರ್ಕಾರದ ಮೇಲೆ ತಿರುಗಿಬಿದ್ದವರ ಹಾಡದು. ಅದರಲ್ಲೂ ಬಡಿದಾಟವಿದೆ, ರಕ್ತವಿದೆ. ಅದನ್ನು ಸಂಗ್ರಹಿಸಿ ಅಚ್ಚು ಹಾಕಿಸಿದ್ದು ಅದೇ ಸರ್ಕಾರದ ಅಧಿಕಾರಿ ಜೆ.ಎಫ್. ಫ್ಲೀಟ್. ಎಫ್‌ಬಿಐ ಅಧಿಕಾರಿಗಿಂತ ಆತ ಜಾಣ ಎನ್ನಲೇ?

ಮಕ್ಕಳು ಕೆಡುವುದಿಲ್ಲವೇ ಎಂದು ಕೇಳಿದ್ದೀರಿ. ಈ ವಾದ ಕೋರ್ಟಿಗೂ ಹೋಗಿತ್ತು. 1992ರಲ್ಲಿ ಟೆಕ್ಸಾಸಿನಲ್ಲಿ ಕದ್ದ ವಾಹನದಲ್ಲಿ ಹೋಗುತ್ತಿದ್ದ ಯುವಕನೊಬ್ಬ ತಡೆದ ಪೊಲೀಸನನ್ನು ಗುಂಡಿಟ್ಟು ಕೊಂದ. ಆಗ ರ‍್ಯಾಪ್ ಗಾಯಕ ಟೂಪಾಕ್ ಶಕೂರ್‌ನ ಕ್ಯಾಸೆಟ್ ಓಡುತ್ತಿತ್ತು, ಹಾಡು ಅವನ ತಲೆ ಕೆಡಿಸಿತು ಎಂದು ಅವನ ವಕೀಲರು ವಾದಿಸಿದರು. ಜ್ಯೂರಿಯವರು ಮರಣದಂಡನೆಯನ್ನೇ ಕೊಟ್ಟರು. ಅಮೆರಿಕದಲ್ಲಿ ಕೊಲೆಯ ಪ್ರಮಾಣ 1991ರಲ್ಲಿ ಲಕ್ಷ ಜನರಿಗೆ 9.8 ಇದ್ದದ್ದು 2000ದ ಹೊತ್ತಿಗೆ 5.5ಕ್ಕೆ ಇಳಿಯಿತು. ಈ ಸಂಗೀತ ಕೇರಿ ಬಿಟ್ಟು ಬಿಳಿಯರ ಬಡಾವಣೆಗಳ ಮನೆ ಮನೆಗೂ ನುಗ್ಗಿದ್ದು ಆ ದಶಕದಲ್ಲೇ. ಹಾಡಿನಿಂದ ಕೊಲೆ ಇಳಿಯಿತು ಎಂದು ಯಾರೂ ಹೇಳಲಾರರು. ಆದರೆ ಹಾಡು ಹೆಚ್ಚಿದಂತೆ ಹೆಣಗಳೂ ಹೆಚ್ಚಬೇಕಿತ್ತಲ್ಲವೇ?

ಇನ್ನೊಂದು ಪ್ರಯೋಗ ನಿಮ್ಮಂಥ ಶಿಕ್ಷಕಿಯರಿಗೆ ಇಷ್ಟವಾದೀತು. ಮನಃಶಾಸ್ತ್ರಜ್ಞೆ ಕ್ಯಾರಿ ಫ್ರೈಡ್ 1996ರಲ್ಲಿ ಪ್ರಕಟಿಸಿದ್ದು. ಪೊಲೀಸನನ್ನು ಕೊಂದವನು ಹೇಳಿಕೊಳ್ಳುವ ಹಳೆಯ ಜಾನಪದ ಶೈಲಿಯ ಹಾಡೊಂದರ ಸಾಲುಗಳನ್ನು ಆಕೆ ಜನರಿಗೆ ಓದಲು ಕೊಟ್ಟರು. ಕೆಲವರಿಗೆ ಇದು ಕಂಟ್ರಿ ಸಂಗೀತ ಎಂದರು, ಕೆಲವರಿಗೆ ರ‍್ಯಾಪ್ ಎಂದರು. ರ‍್ಯಾಪ್ ಎಂದು ನಂಬಿದವರಿಗೆ ಅವೇ ಸಾಲುಗಳು ಹೆಚ್ಚು ಅಪಾಯಕಾರಿಯಾಗಿ ಕಂಡವು. ಇದು ಬರೀ ಪ್ರಯೋಗಶಾಲೆಯ ಮಾತಲ್ಲ. 2023ರಲ್ಲಿ ಅಟ್ಲಾಂಟದಲ್ಲಿ ಯಂಗ್ ಥಗ್ ಎಂಬ ಗಾಯಕನ ಮೇಲಿನ ಮೊಕದ್ದಮೆಯಲ್ಲಿ ಅವನ ತಂಡದ ಹಾಡಿನ ಸಾಲುಗಳನ್ನೇ ಸಾಕ್ಷ್ಯವಾಗಿ ತರಲು ನ್ಯಾಯಾಧೀಶರು ಷರತ್ತಿನ ಮೇಲೆ ಒಪ್ಪಿದರು. ಇಂಥದ್ದಕ್ಕೆ ಕಡಿವಾಣ ಹಾಕಲು ಕ್ಯಾಲಿಫೋರ್ನಿಯಾ 2022ರಲ್ಲೇ ಕಾನೂನು ಮಾಡಿತ್ತು. ನಮ್ಮಲ್ಲಿ ಕೀಚಕನ ವೇಷ ಕಟ್ಟಿದವನನ್ನು ಚೌಕಿಗೆ ನುಗ್ಗಿ ಯಾರೂ ಬಂಧಿಸುವುದಿಲ್ಲ. ಎನ್.ಡಬ್ಲ್ಯೂ.ಎ. ತಂಡದಲ್ಲಿ ಬಂದೂಕಿನ ಸಾಲುಗಳನ್ನು ಬರೆದ ಐಸ್ ಕ್ಯೂಬ್ ಕಟ್ಟಡಗಳ ನಕ್ಷೆ ಬಿಡಿಸುವುದನ್ನು ಕಲಿಯಲು ಫೀನಿಕ್ಸಿಗೆ ಹೋಗಿದ್ದ ಹುಡುಗ. ವೇಷವನ್ನು ಕಳಚಲಾಗದೆ ಹೋದವರೂ ಇದ್ದಾರೆ, ನಿಜ. ಟೂಪಾಕ್ 1996ರಲ್ಲಿ ಗುಂಡೇಟಿಗೆ ಸತ್ತಾಗ ವಯಸ್ಸು 25.

ಜಗಳ ಇಷ್ಟು. ಈಗ ಸೋಲುವ ಭಾಗ.

1992ರಲ್ಲಿ ರ‍್ಯಾಪ್ ಗಾಯಕ ಐಸ್-ಟಿ ಪೊಲೀಸರನ್ನು ಕೊಲ್ಲುವ ಹಾಡು ಹಾಡಿದಾಗ ಉಪಾಧ್ಯಕ್ಷರೇ ಖಂಡಿಸಿದರು, ಪೊಲೀಸ್ ಸಂಘಗಳು ಬಹಿಷ್ಕಾರದ ಕರೆ ಕೊಟ್ಟವು, ಕೆಲವೇ ತಿಂಗಳಲ್ಲಿ ಹಾಡು ಆಲ್ಬಮ್‌ನಿಂದ ಹೊರಬಿತ್ತು. (ಅದು ರ‍್ಯಾಪ್ ಕೂಡ ಅಲ್ಲ, ಹೆವಿ ಮೆಟಲ್. ಆದರೂ ಬೈಗುಳ ತಿಂದದ್ದು ರ‍್ಯಾಪ್.) ಅದಕ್ಕೆ ಒಂದು ವರ್ಷ ಮೊದಲು ಎನ್.ಡಬ್ಲ್ಯೂ.ಎ.ಯ ಇನ್ನೊಂದು ಆಲ್ಬಮ್ ಬಂದಿತ್ತು. ಅದರ ಎರಡನೇ ಭಾಗದ ತುಂಬ ಹೆಂಗಸರ ಮೇಲಿನ ಹೊಲಸು. ಅದು ಬಿಲ್‌ಬೋರ್ಡ್ ಮಾರಾಟ ಪಟ್ಟಿಯ ಮೊದಲ ಸ್ಥಾನಕ್ಕೇರಿತು. ಅದೇ 1991ರ ಜನವರಿಯಲ್ಲಿ ತಂಡದ ಡಾ. ಡ್ರೆ, ಟಿವಿ ನಿರೂಪಕಿ ಡೀ ಬಾರ್ನ್ಸ್ ಅವರನ್ನು ಒಂದು ಸಮಾರಂಭದಲ್ಲಿ ಹೊಡೆದಿದ್ದ. ಅವನ ಬದುಕು, ವ್ಯಾಪಾರ ಎರಡೂ ಮೇಲಕ್ಕೇ ಹೋದವು. ಬಹಿರಂಗವಾಗಿ ಕ್ಷಮೆ ಕೇಳಿದ್ದು 2015ರಲ್ಲಿ.

ಪೊಲೀಸರನ್ನು ಬೈದರೆ ಗದ್ದಲ, ಹೆಂಗಸರನ್ನು ಬೈದರೆ ವ್ಯಾಪಾರ: ಈ ತಕ್ಕಡಿಯನ್ನು ಮೊದಲು ಕಂಡವರು ಕರಿಯ ಹೆಂಗಸರೇ. ಮಾರ್ಟಿನ್ ಲೂಥರ್ ಕಿಂಗ್ ಜೊತೆ ನಡೆದಿದ್ದ ಸಿ. ಡೆಲೊರೆಸ್ ಟಕರ್ ಟೈಮ್ ವಾರ್ನರ್ ಕಂಪನಿಯ ಷೇರು ಕೊಂಡು, 1995ರ ಷೇರುದಾರರ ಸಭೆಯಲ್ಲೇ ಎದ್ದು ನಿಂತು ಮಾತನಾಡಿದರು. ಕಂಪನಿ ಆ ವರ್ಷ, ಇಂಥ ಹಾಡುಗಳನ್ನು ಹೊರತರುತ್ತಿದ್ದ ಇಂಟರ್‌ಸ್ಕೋಪ್‌ನಲ್ಲಿದ್ದ ತನ್ನ ಪಾಲನ್ನು ಮಾರಿತು, ಬೇರೊಂದು ಕಂಪನಿ ಬಂದು ಕೊಂಡಿತು, ಹಾಡುಗಳು ಮಾರಾಟವಾಗುತ್ತಲೇ ಇದ್ದವು. ಟೂಪಾಕ್ ಆಕೆಯನ್ನೇ ಹಾಡಿನಲ್ಲಿ ಹೀಯಾಳಿಸಿದ. 2004ರಲ್ಲಿ ಅಟ್ಲಾಂಟದ ಸ್ಪೆಲ್‌ಮನ್ ಮಹಿಳಾ ಕಾಲೇಜಿನಲ್ಲಿ ಗಾಯಕ ನೆಲ್ಲಿಯ ಸಂಸ್ಥೆ ಅಸ್ಥಿಮಜ್ಜೆ ದಾನಿಗಳ ನೋಂದಣಿ ಶಿಬಿರ ನಡೆಸಲಿತ್ತು. ಅವನ ಸೋದರಿಗೆ ರಕ್ತದ ಕ್ಯಾನ್ಸರ್. ಹುಡುಗಿಯರು ಶಿಬಿರವನ್ನು ವಿರೋಧಿಸಲಿಲ್ಲ. ಹೆಣ್ಣಿನ ಮೈಗೆ ಕ್ರೆಡಿಟ್ ಕಾರ್ಡ್ ಉಜ್ಜುವ ನಿಮ್ಮ ವಿಡಿಯೊ ಬಗ್ಗೆಯೂ ನಮ್ಮೊಡನೆ ಕೂತು ಮಾತನಾಡಿ ಎಂದರು, ಅಷ್ಟೇ. ಶಿಬಿರವೇ ರದ್ದಾಯಿತು. ನಮ್ಮ ಮಜ್ಜೆ ಬೇಕು, ಮಾತು ಬೇಡ ಎಂಬಂತಾಯಿತು.

ನಮ್ಮ ಲೇಖನ ಎಂಟು ಪುಟವಿತ್ತು. ನಿಮ್ಮ ಪತ್ರ ಬಂದ ಮೇಲೆ ಪೆನ್ಸಿಲ್ ಹಿಡಿದು ಮತ್ತೆ ಓದಿದೆ. ಟಕರ್ ಇಲ್ಲ, ಡೀ ಬಾರ್ನ್ಸ್ ಇಲ್ಲ, ಸ್ಪೆಲ್‌ಮನ್ ಇಲ್ಲ. ಬೀದಿಯಲ್ಲಿ ತಮ್ಮನ್ನು ಹಳಿಯುವವರ ವಿರುದ್ಧವೇ 1993ರಲ್ಲಿ ಹಾಡು ಕಟ್ಟಿ ಗ್ರ್ಯಾಮಿ ಗೆದ್ದ ರ‍್ಯಾಪ್ ಗಾಯಕಿ ಕ್ವೀನ್ ಲತೀಫಾ ಕೂಡ ಇಲ್ಲ. ಪೊಲೀಸರಿಗೆ ಬಿದ್ದ ಬೈಗುಳಕ್ಕೆ ಚರಿತ್ರೆ, ಕಾನೂನು, ಸಮಾಜಶಾಸ್ತ್ರ ಎಲ್ಲವನ್ನೂ ತಂದು ವಿವರಣೆ ಕೊಟ್ಟಿದ್ದೆವು. ಹೆಂಗಸರಿಗೆ ಬಿದ್ದ ಬೈಗುಳಕ್ಕೆ "ಒರಟು ಭಾಷೆ" ಎಂಬ ಎರಡು ಪದ. ಆ ಎರಡು ಪದಗಳು ಲೇಖಕರವಲ್ಲ. ಮೂಲದಲ್ಲಿ ಒಂದು ಪ್ಯಾರಾ ಇತ್ತು, ಜಾಗ ಸಾಲದೆಂದು ಕತ್ತರಿಸಿ ಇಷ್ಟಕ್ಕಿಳಿಸಿದವನು ನಾನೇ. ಆ ಪ್ಯಾರಾವನ್ನು ನಿಮ್ಮ ಪತ್ರದ ಪೂರ್ಣಪಾಠದೊಂದಿಗೆ ಮುಂದಿನ ಸಂಚಿಕೆಯಲ್ಲಿ ಅಚ್ಚು ಮಾಡುತ್ತೇವೆ.

ಅಂದ ಹಾಗೆ, ಎರಡನೇ ಪುಟದಲ್ಲಿ "ರಾತ್ರಿ ಊಟದ ಹೊತ್ತಿಗೆ ಅವನೇ ಬಂದು ಹೇಳಿದ್ದೇನೆಂದರೆ" ಎಂದು ಆರಂಭಿಸಿ, ಮುಂದಿನ ಎರಡು ಸಾಲುಗಳನ್ನು ದಟ್ಟವಾಗಿ ಗೀಚಿ ಅಳಿಸಿದ್ದೀರಿ. ಬೆಳಕಿಗೆ ಹಿಡಿದರೂ ಓದಲಾಗಲಿಲ್ಲ. ಪೂರ್ಣಪಾಠ ಅಚ್ಚಾಗುವ ಮೊದಲು ಅದನ್ನೊಂದು ಕಾರ್ಡಿನಲ್ಲಿ ಬರೆದು ಕಳಿಸುತ್ತೀರಾ?

— ಸಂಪಾದಕ