ಮಗುವಿಗಲ್ಲದ ಮಾತ್ರೆ

ನಲವತ್ತು ತುಂಬುವ ಮೊದಲೇ ಅಂಡಾಶಯದ ಕೆಲಸ ಕುಂಠಿತಗೊಂಡ ಹೆಣ್ಣುಮಕ್ಕಳಲ್ಲಿ, ವೈದ್ಯರು ಬರೆದುಕೊಟ್ಟ ಮಾತ್ರೆಯನ್ನು ಬಿಟ್ಟುಬಿಡುವ ತೊಡಕನ್ನು ಆಪ್ತಸಲಹೆಗಾರ್ತಿಯಾಗಿ ಮತ್ತೆ ಮತ್ತೆ ಕಾಣುತ್ತಿರುವುದರಿಂದ, ಈ ಪ್ರಕರಣವನ್ನು ಗುರುತು ಸಿಗದಂತೆ ವಿವರ ಬದಲಿಸಿ ಬರೆಯುತ್ತಿದ್ದೇನೆ. ಆಕೆ ಮೂವತ್ತೆರಡರ ಶಾಲಾ ಶಿಕ್ಷಕಿ. ಮುಟ್ಟು ತಿಂಗಳುಗಟ್ಟಲೆ ನಿಂತಿತ್ತು. ಅಂಡಾಶಯ ಸೋತಾಗ ಏರುವ ಎಫ್‌ಎಸ್‌ಎಚ್ ಹಾರ್ಮೋನ್ ಎರಡು ಪರೀಕ್ಷೆಗಳಲ್ಲೂ 25ನ್ನು ಮೀರಿತ್ತು, ಉಳಿದ ಅಂಡಾಣುಗಳ ಅಂದಾಜು ಕೊಡುವ ಎಎಂಎಚ್ ತೀರಾ ಕಡಿಮೆಯಿತ್ತು. ವೈದ್ಯರು ಈಸ್ಟ್ರೋಜೆನ್ ಮತ್ತು ಪ್ರೊಜೆಸ್ಟರಾನ್ ಎಂಬ ಹೆಣ್ಣು ಹಾರ್ಮೋನುಗಳನ್ನು ಬರೆದುಕೊಟ್ಟಿದ್ದರು.

ಎರಡನೆಯ ಭೇಟಿಗೆ ಅತ್ತೆಯೂ ಬಂದಿದ್ದರು. ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಿ ಎಂದು ಕೇಳಿದಾಗ ಆಕೆ ಚೀಲದಿಂದ ತೆಗೆದು ಮೇಜಿನ ಮೇಲಿಟ್ಟರು. ನಾದಿನಿಯ ಗೆಳತಿಯ ಮಾತು ಕೇಳಿ ತರಿಸಿಕೊಂಡ ಡಿಎಚ್‌ಇಎ ಎಂಬ ಹಾರ್ಮೋನ್ ಪೂರಕದ ಡಬ್ಬಿ ತಳ ಕಂಡಿತ್ತು. ಈಸ್ಟ್ರೋಜೆನ್ ಮಾತ್ರೆಯ ಸ್ಟ್ರಿಪ್‌ನಲ್ಲಿ ಮೊದಲ ಸಾಲಷ್ಟೇ ಖಾಲಿಯಾಗಿತ್ತು. “ಇದು ಮಗು ಆಗೋಕಲ್ಲ ಅಂತ ಡಾಕ್ಟರೇ ಹೇಳಿದ್ರು ಮೇಡಂ. ಮತ್ತೆ ಯಾಕೆ ನುಂಗಲಿ?” ಎಂದರು. “ಕ್ಯಾನ್ಸರ್ ಬರುತ್ತಂತೆ, ಬೇಡ ಅಂದವಳೂ ನಾನೇ” ಎಂದು ಅತ್ತೆ ಸೇರಿಸಿದರು.

ಅತ್ತೆಯವರನ್ನು ಸ್ವಲ್ಪ ಹೊತ್ತು ಹೊರಗೆ ಕೂರಲು ವಿನಂತಿಸಿ, ಮಗುವಿನ ವಿಷಯ ಬದಿಗಿಟ್ಟು ನಿಮಗೇನು ತೊಂದರೆಯಿದೆ ಹೇಳಿ ಎಂದು ಕೇಳಿದೆ. ರಾತ್ರಿ ಬೆವತು ಎಚ್ಚರವಾಗುವುದು, ಪಾಠ ಮಾಡುತ್ತಿರುವಾಗಲೇ ಕುತ್ತಿಗೆಯಿಂದ ಮುಖಕ್ಕೆ ಬಿಸಿ ಏರುವುದು, ಗಂಡನೊಂದಿಗೆ ಕೂಡುವಾಗಿನ ನೋವು, ಎಲ್ಲವೂ ಒಂದೊಂದಾಗಿ ಹೊರಬಂದವು. ಇದನ್ನು ವೈದ್ಯರಿಗೆ ಏಕೆ ಹೇಳಲಿಲ್ಲವೆಂದರೆ, “ಯಾರೂ ಕೇಳಲಿಲ್ಲ” ಎಂದರು.

ಔಷಧದ ಪ್ರಮಾಣ ಹೇಳುವುದು ಆಪ್ತಸಲಹೆಗಾರರ ಕೆಲಸವಲ್ಲವೆಂದು ಆಕ್ಷೇಪಿಸುವವರಿದ್ದಾರೆ, ನಾನೂ ಹೇಳುವುದಿಲ್ಲ. ಆದರೆ ಬರೆದುಕೊಟ್ಟ ಮಾತ್ರೆಯನ್ನು ಒಬ್ಬಾಕೆ ಯಾವ ನಂಬಿಕೆಯಿಂದ ಬಿಟ್ಟಳೆಂದು ಹುಡುಕುವುದು ನನ್ನದೇ ಕೆಲಸ. ಈ ವಯಸ್ಸಿನಲ್ಲಿ ಈಸ್ಟ್ರೋಜೆನ್ ಇಲ್ಲದೆ ಉಳಿದರೆ ಮೂಳೆ ಸವೆಯುತ್ತದೆ, ಹೃದ್ರೋಗದ ಸಂಭವ ಹೆಚ್ಚುತ್ತದೆ. ಆದ್ದರಿಂದಲೇ ಸಹಜ ಋತುಬಂಧದ ವಯಸ್ಸಿನವರೆಗೆ ಅದನ್ನು ತುಂಬಿಕೊಡಬೇಕೆಂಬುದು ತಜ್ಞರ ಶಿಫಾರಸು. ಕ್ಯಾನ್ಸರ್ ಭಯ ಹಬ್ಬಿಸಿದ, ಹಾರ್ಮೋನ್ ಚಿಕಿತ್ಸೆಯ ಕುರಿತ 2002ರ ಅಮೆರಿಕದ ಅಧ್ಯಯನದಲ್ಲಿದ್ದವರು 50ರಿಂದ 79 ವರ್ಷದ, ಮುಟ್ಟು ನಿಂತ ಮಹಿಳೆಯರು. ಅದರ ಲೆಕ್ಕವನ್ನು ಮೂವತ್ತೆರಡರವಳ ಮೇಲೆ ಹೇರುವಂತಿಲ್ಲ. ಸ್ತನ ಕ್ಯಾನ್ಸರ್ ಅಥವಾ ರಕ್ತ ಹೆಪ್ಪುಗಟ್ಟಿದ ಹಿನ್ನೆಲೆಯಿದ್ದರೆ ಮಾತು ಬೇರೆ, ಆಕೆಗೆ ಅದಿರಲಿಲ್ಲ.

ಹೀಗಾಗಿ, ಈ ತೊಂದರೆಗಳನ್ನು ಚೀಟಿಯಲ್ಲಿ ಬರೆದುಕೊಂಡು ಅದೇ ವೈದ್ಯರ ಬಳಿಗೆ ಹೋಗಿ ಚಿಕಿತ್ಸೆ ಪುನಃ ಆರಂಭಿಸುವಂತೆಯೂ, ಡಿಎಚ್‌ಇಎಯನ್ನು ಅವರಿಗೆ ತೋರಿಸಿ ಕೇಳುವವರೆಗೆ ಮುಟ್ಟದಂತೆಯೂ ಹೇಳಿದೆ. ಅದು ಪುರುಷ ಹಾರ್ಮೋನಾಗಿಯೂ ಮಾರ್ಪಡುವುದರಿಂದ ಮೊಡವೆ, ಮುಖದ ಕೂದಲು ಬರಬಹುದು. ಗರ್ಭಧಾರಣೆಗೆ ಅದರಿಂದಾಗುವ ಪ್ರಯೋಜನವಂತೂ ಇನ್ನೂ ವಿವಾದದಲ್ಲಿದೆ. ಈಸ್ಟ್ರೋಜೆನ್ ಚಿಕಿತ್ಸೆ ಗರ್ಭನಿರೋಧಕವಲ್ಲವೆಂದೂ, ಇಂಥವರಲ್ಲಿ ನೂರಕ್ಕೆ ಐದಾರು ಮಂದಿಗೆ ತಾನಾಗಿಯೇ ಗರ್ಭ ನಿಲ್ಲುವುದುಂಟೆಂದೂ ತಿಳಿಸಿದೆ. ಇದನ್ನು ಭರವಸೆಯೆಂದು ಕೊಡಲಿಲ್ಲ. ಗರ್ಭ ನಿಲ್ಲಲು ಇರುವಷ್ಟು ಅವಕಾಶವನ್ನೂ ಮಾತ್ರೆ ಕಸಿಯುತ್ತದೆಂಬ ಭಯ ಬಿಡಿಸಲು ಹೇಳಿದೆ.

ಅತ್ತೆಯವರನ್ನು ಮತ್ತೆ ಒಳಗೆ ಕರೆದಾಗ, ದಾನಿಯ ಅಂಡಾಣುವಿನ ವಿಷಯ ಅವರೇ ಎತ್ತಿದರು. ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನದ (ಎಆರ್‌ಟಿ) 2021ರ ಕಾಯ್ದೆಯಂತೆ ಇಂಥ ಚಿಕಿತ್ಸೆ ಪಡೆಯಲು ಮಹಿಳೆಗೆ 50 ವರ್ಷದವರೆಗೆ ಅವಕಾಶವಿರುವುದರಿಂದ ಈ ವಾರವೇ ನಿರ್ಧರಿಸಬೇಕಿಲ್ಲವೆಂದೆ. ಅಲ್ಲದೆ, ಇಷ್ಟೆಲ್ಲ ಓಡಾಟದ ನಡುವೆ ಪತಿಯ ವೀರ್ಯಪರೀಕ್ಷೆ ಇನ್ನೂ ಆಗಿಲ್ಲವೆಂಬುದು ಆಗಲೇ ತಿಳಿದದ್ದು. ಮುಂದಿನ ಭೇಟಿಗೆ ಅವರೂ ವರದಿಯೊಂದಿಗೆ ಬರಲೇಬೇಕೆಂದು ತಿಳಿಸಿದ್ದೇನೆ.