ತೆಂಗಿನ ಕಪ್ಪುತಲೆ ಹುಳುವಿಗೂ ಕುರುವಾಯಿ ದುಂಬಿಗೂ ಏನು ವ್ಯತ್ಯಾಸ? ಮರ ನೋಡಿ ಗುರುತಿಸಬಹುದೇ?

ಖಂಡಿತ ಗುರುತಿಸಬಹುದು. ಕಪ್ಪುತಲೆ ಹುಳು ಅಂದರೆ ಬೂದು ಬಣ್ಣದ ಒಂದು ಸಣ್ಣ ಪತಂಗದ ಮರಿ. ಪತಂಗ ಗರಿ ತಿನ್ನುವುದಿಲ್ಲ, ತಿನ್ನುವುದೆಲ್ಲ ಮರಿಯೇ. ಕುರುವಾಯಿಯದು ಇದಕ್ಕೆ ತದ್ವಿರುದ್ಧ: ತಲೆ ಮೇಲೆ ಕೊಂಬಿರುವ ಕಪ್ಪು ದುಂಬಿಯೇ ಸುಳಿ ಕೊರೆಯುತ್ತದೆ. ಅದರ ದಪ್ಪ ಬಿಳಿ ಹುಳು ತಿಪ್ಪೆಯಲ್ಲೋ ಕೊಳೆತ ತೆಂಗಿನ ಬೊಡ್ಡೆಯಲ್ಲೋ ಬೆಳೆಯುತ್ತದೆ, ಮರದ ತಂಟೆಗೆ ಹೋಗುವುದಿಲ್ಲ.

ಕೆಳಗಿನ ಹಳೇ ಗರಿಗಳು ಬೆಂಕಿ ತಾಗಿದಂತೆ ಒಣಗಿದ್ದರೆ ಒಂದು ಎಲೆ ಕಿತ್ತು ಮಗುಚಿ ನೋಡಿ. ಹಿಕ್ಕೆ, ನೂಲು ಸೇರಿಸಿ ಕಟ್ಟಿದ ಕಂದು ಸುರಂಗ ಕಂಡರೆ, ಅದರೊಳಗೆ ಕೂತು ಹಸಿರು ಕೆರೆಯುತ್ತಿರುವುದು ಕಪ್ಪುತಲೆ ಹುಳು. ಹೊಸದಾಗಿ ಬಿಚ್ಚಿದ ಗರಿ ಕತ್ತರಿಯಲ್ಲಿ ಕತ್ತರಿಸಿದ ಬೀಸಣಿಗೆಯಂತಿದ್ದು, ಸುಳಿಯ ಬುಡದ ತೂತಿನಲ್ಲಿ ಅಗಿದ ನಾರು ಕಂಡರೆ ಅದು ಕುರುವಾಯಿ.

ಆದ್ದರಿಂದ ಉಪಾಯವೂ ಬೇರೆ. ಮೊದಲನೆಯದಕ್ಕೆ ಹುಳು ತಗುಲಿದ ಕೆಳಗರಿ ಕಡಿದು ಸುಟ್ಟು, ಈ ಹುಳುವಿನ ಮೇಲೆ ಬೆಳೆದು ಅದನ್ನು ಕೊಲ್ಲುವ ಗೋನಿಯೋಜಸ್ ಪರಾವಲಂಬಿ ಕೀಟ ತಂದು ಬಿಡಿ. ಬಿಟ್ಟ ಮೇಲೆ ವಿಷ ಹೊಡೆದರೆ ಅವೂ ಸಾಯುತ್ತವೆ, ದುಡ್ಡು ದಂಡ. ಕುರುವಾಯಿಗೆ ತಿಪ್ಪೆಯಿಂದಲೇ ಶುರು ಮಾಡಬೇಕು: ಅಲ್ಲಿನ ಬಿಳಿ ಹುಳುವಿಗೆ ರೋಗ ತಂದು ಕೊಲ್ಲುವ ಮೆಟರೈಜಿಯಂ ಶಿಲೀಂಧ್ರವನ್ನು ಗೊಬ್ಬರಕ್ಕೆ ಬೆರೆಸಿ, ಸುಳಿಯ ಸುತ್ತಲಿನ ಗರಿ ಸಂದುಗಳಿಗೆ ಬೇವಿನ ಹಿಂಡಿ, ಮರಳು ತುಂಬಿ, ಒಳಗಿರುವ ದುಂಬಿಯನ್ನು ಕೊಕ್ಕೆಯಿಂದ ಎಳೆದು ಹಾಕಿ.

ಎಳೇ ಸಸಿಗಳಿದ್ದರೆ ನಾನು ಹೆಚ್ಚು ಹೆದರುವುದು ಕುರುವಾಯಿಗೇ. ಅದು ಮಾಡಿದ ಗಾಯಕ್ಕೆ ಕೆಂಪು ಮೂತಿ ಹುಳು ಬಂದು ಮೊಟ್ಟೆಯಿಟ್ಟರೆ ಮರ ಉಳಿಯುವುದು ಕಷ್ಟ.